ನಿಮಗಿದು ಗೊತ್ತೇ? ಕಿಲೋಮೀಟರ್ ಹೇಳುವುದೊಂದು, ಗಡಿಯಾರ ಹೇಳುವುದೊಂದು

ಕೂಗಳತೆಗಿಂತ ಚೂರು ಹೆಚ್ಚಿನ ದೂರಕ್ಕೂ ವಿಮಾನ ಓಡುತ್ತದೆ! ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಒಂದು, ಪಾಪಾ ವೆಸ್ಟ್ರೇ ಇನ್ನೊಂದು. ಎರಡರ ವಿಮಾನ ನಿಲ್ದಾಣಗಳ ನಡುವಿನ ಅಂತರ 2.7 ಕಿ.ಮೀ. ವೇಳಾಪಟ್ಟಿಯ ಪ್ರಕಾರ ಪ್ರಯಾಣ ಎರಡು ನಿಮಿಷದ್ದು. ಗಾಳಿ ಒಲಿದ ದಿನ ಅಷ್ಟೂ ಬೇಡ; ಇಲ್ಲಿನ ದಾಖಲೆ 53 ಸೆಕೆಂಡು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಒಂದೊಂದು ರನ್‌ವೇ 4 ಕಿ.ಮೀ. ಉದ್ದ ಇದೆ. ಅಂದರೆ ಈ ಇಡೀ ಪ್ರಯಾಣವನ್ನು ಬೆಂಗಳೂರಿನ ರನ್‌ವೇ ಮೇಲೆ ಹಾಸಿದರೂ ಇನ್ನಷ್ಟು ಜಾಗ ಉಳಿಯುತ್ತದೆ.

1967ರಿಂದ ಲೋಗನ್‌ಏರ್ ಕಂಪನಿ ಈ ಮಾರ್ಗವನ್ನು ನಡೆಸಿಕೊಂಡು ಬಂದಿದೆ. ವಿಮಾನ ಬ್ರಿಟನ್-ನಾರ್ಮನ್ ಐಲೆಂಡರ್, ಮಿನಿಬಸ್ಸಿನಷ್ಟೇ ದೊಡ್ಡದು. ಪೈಲಟ್ ಒಬ್ಬರೇ ಇರುವುದರಿಂದ ಪಕ್ಕದ ಸೀಟಿನಲ್ಲಿ ಪ್ರಯಾಣಿಕರು ಕೂರಬಹುದು. ಇದನ್ನು ಪ್ರವಾಸಿಗರ ಆಟಿಕೆ ಎಂದುಕೊಳ್ಳಬೇಡಿ. ನೂರು ಜನವೂ ಇಲ್ಲದ ಪಾಪಾ ವೆಸ್ಟ್ರೇಗೆ ಡಾಕ್ಟರು, ಮೇಷ್ಟ್ರು ಬರುವುದೂ, ಅಲ್ಲಿನವರು ಕರ್ಕ್‌ವಾಲ್ ಪಟ್ಟಣಕ್ಕೆ ಕೆಲಸಕ್ಕೆ ಹೋಗುವುದೂ ಇದರಲ್ಲೇ. ಇಷ್ಟು ಪುಟ್ಟ ದ್ವೀಪದಲ್ಲಿ 5,000 ವರ್ಷಕ್ಕೂ ಹಳೆಯ ಕಲ್ಲಿನ ಮನೆಯೊಂದು ಇನ್ನೂ ಗೋಡೆ ಸಮೇತ ನಿಂತಿದೆ. ಹೆಸರು ನ್ಯಾಪ್ ಆಫ್ ಹೌವರ್.

*

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಅಳೆಯುವುದು ಹೇಗೆ? ಗೋಡೆಯ ನಕಾಶೆಯ ಮೇಲೆ ಸ್ಕೇಲು ಇಟ್ಟರೆ ಲೆಕ್ಕ ತಪ್ಪುತ್ತದೆ. ಮಕ್ಕಳ ಗ್ಲೋಬ್ ತೆಗೆದುಕೊಂಡು, ಎರಡು ಊರಿಗೂ ಬೆರಳಿಟ್ಟು, ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ಹಿಡಿದ ಹಾದಿಯೇ ಅತಿ ಹತ್ತಿರದ ಹಾದಿ. ಇದಕ್ಕೆ ಮಹಾವೃತ್ತದ ದೂರ ಎನ್ನುತ್ತಾರೆ. ಕಂಪ್ಯೂಟರು ಮಾಡುವುದೂ ಇದನ್ನೇ, ದಾರದ ಬದಲು ಅಕ್ಷಾಂಶ-ರೇಖಾಂಶ ಹಿಡಿದು.

ಪೈಲಟ್‌ಗಳು ಕಿಲೋಮೀಟರಿನಲ್ಲಿ ಮಾತಾಡುವುದಿಲ್ಲ. ಅವರದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಈ ವಿಚಿತ್ರ ಸಂಖ್ಯೆ ಬಂದದ್ದು ಭೂಮಿಯಿಂದಲೇ: ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿನ ಉದ್ದ ಸುಮಾರು ಇಷ್ಟು.

*

ದಾರದ ಆಟವನ್ನು ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಆಡಿ ನೋಡಿ. ಅಮೆರಿಕ ಇರುವುದು ಪಶ್ಚಿಮಕ್ಕೆ ಎಂದು ನಾವೆಲ್ಲ ಕಲಿತಿದ್ದೇವೆ. ದಾರ ಮಾತ್ರ ನೇರ ಉತ್ತರಕ್ಕೆ ಹೋಗಿ ಧ್ರುವದ ಹತ್ತಿರ ಹಾದು ಆಚೆ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ವಿಮಾನ ಹಾರಿದ್ದು ಉತ್ತರ ಧ್ರುವದ ಮೇಲಿಂದ. ಸುಮಾರು 14,000 ಕಿ.ಮೀ., ಸುಮಾರು 17 ಗಂಟೆ. ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಸೇರಿ ಪೈಲಟ್‌ಗಳು ನಾಲ್ವರೂ ಮಹಿಳೆಯರು.

*

ಟಿಕೆಟ್ಟಿನಲ್ಲಿ ಅಚ್ಚಾದ ಪ್ರಯಾಣದ ಸಮಯ ಆಕಾಶದಲ್ಲಿ ಕಳೆಯುವ ಸಮಯವಲ್ಲ. ಲಾರಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ವಿಮಾನದ ಗಾಲಿಗೂ ಹಾಗೆ ಅಡೆ ಕೊಡುತ್ತಾರೆ. ಆ ಅಡೆ ತೆಗೆದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ಮತ್ತೆ ಅಡೆ ಕೊಡುವವರೆಗಿನದು ಬ್ಲಾಕ್ ಟೈಮ್. ರನ್‌ವೇವರೆಗೆ ತೆವಳುವುದು, ಸರದಿಯಲ್ಲಿ ಕಾಯುವುದು ಎಲ್ಲವೂ ಅದರೊಳಗೇ. ವೆಸ್ಟ್ರೇಯ ಎರಡು ನಿಮಿಷದ ವಿಮಾನ ಒಂದು ನಿಮಿಷದೊಳಗೆ ತಲುಪಿದರೆ ಅದರಲ್ಲಿ ಪವಾಡವೇನೂ ಇಲ್ಲ.

*

ಹೆಚ್ಚು ದೂರಕ್ಕೆ ಹೆಚ್ಚು ಹೊತ್ತು ಬೇಕೇ? ಬೇಕಿಲ್ಲ! ಸಿಂಗಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,300 ಕಿ.ಮೀ.; ವಿಮಾನಕ್ಕೆ 18 ಗಂಟೆಗಿಂತ ಹೆಚ್ಚು ಬೇಕು. 2020ರ ಮಾರ್ಚ್‌ನಲ್ಲಿ ಏರ್ ತಾಹಿತಿ ನುಯಿ ವಿಮಾನವೊಂದು ಪೆಸಿಫಿಕ್ ಸಾಗರದ ನಡುವಿನ ತಾಹಿತಿ ದ್ವೀಪದ ಪಪೇಟೆಯಿಂದ ಪ್ಯಾರಿಸ್‌ವರೆಗೆ 15,715 ಕಿ.ಮೀ. ದೂರವನ್ನು 16 ಗಂಟೆಯೊಳಗೆ ಮುಗಿಸಿತು. ಬೆನ್ನಿಗೆ ಗಾಳಿ ಇತ್ತು, ಅಷ್ಟೇ. ಕೊರೊನಾ ಕಾಲದಲ್ಲಿ ಎಂದಿನಂತೆ ದಾರಿಯಲ್ಲಿ ಅಮೆರಿಕದಲ್ಲಿ ಇಳಿಯುವಂತಿರಲಿಲ್ಲ, ಹಾಗಾಗಿ ಎಲ್ಲೂ ನಿಲ್ಲದೆ ಹಾರಿತು. ಇನ್ನೂ ಒಂದು ತಮಾಷೆ: ತಾಹಿತಿ ಫ್ರಾನ್ಸಿಗೆ ಸೇರಿದ್ದು. ಹಾಗಾಗಿ ಅರ್ಧ ಭೂಮಿ ಸುತ್ತಿದರೂ ಅದು ದೇಶದೊಳಗಿನ ಹಾರಾಟ!

*

ಈಸ್ಟರ್ ದ್ವೀಪದ ದೈತ್ಯ ಕಲ್ಲಿನ ತಲೆಗಳು ಎಲ್ಲರಿಗೂ ಗೊತ್ತು. ಅಲ್ಲಿನ ಮಾತಾವೇರಿ ವಿಮಾನ ನಿಲ್ದಾಣದ ಕಥೆ ಅದಕ್ಕೇನೂ ಕಡಿಮೆ ಇಲ್ಲ. ಚಿಲಿಯ ರಾಜಧಾನಿ ಸ್ಯಾಂಟಿಯಾಗೋದಿಂದ ಸುಮಾರು 3,760 ಕಿ.ಮೀ., ನಡುವೆ ನೀರಲ್ಲದೆ ಬೇರೇನೂ ಇಲ್ಲ. ಹೋಗುವಾಗ ಐದೂವರೆ ಗಂಟೆ, ಬರುವಾಗ ನಾಲ್ಕೂವರೆ. ದಾರಿ ಅದೇ, ವಿಮಾನವೂ ಅದೇ. ಹೋಗುವಾಗ ಎದುರಾಗುವ ಪಶ್ಚಿಮದ ಗಾಳಿಯೇ ಬರುವಾಗ ಬೆನ್ನು ತಳ್ಳುತ್ತದೆ.

1951ರಲ್ಲಿ ಚಿಲಿಯಿಂದ ಮೊದಲ ಸಲ ಇಲ್ಲಿಗೆ ಹಾರಿ ಬಂದದ್ದು ಒಂದು ಕ್ಯಾಟಲಿನಾ, ನೀರಿನ ಮೇಲೂ ಇಳಿಯಬಲ್ಲ ವಿಮಾನ. ಹೆಸರು ಮನುತಾರಾ, ದ್ವೀಪದವರ ಪುರಾಣದ ಹಕ್ಕಿಯದು. ಪ್ರಯಾಣಕ್ಕೆ ಹಿಡಿದದ್ದು ಸುಮಾರು 19 ಗಂಟೆ.

ಕೆಲವೇ ಸಾವಿರ ಜನರಿರುವ ದ್ವೀಪಕ್ಕೆ 3.3 ಕಿ.ಮೀ. ಉದ್ದದ ರನ್‌ವೇ ಏಕೆ ಬೇಕಿತ್ತು? ದ್ವೀಪದವರಿಗೆ ಬೇಕಿರಲಿಲ್ಲ, ನಾಸಾಗೆ ಬೇಕಿತ್ತು. ಕ್ಯಾಲಿಫೋರ್ನಿಯಾದಿಂದ ಹಾರಿಸಲು ಯೋಚಿಸಿದ್ದ ಸ್ಪೇಸ್ ಶಟಲ್‌ಗಳಿಗೆ ಅಪಾಯ ಬಂದರೆ ಇಳಿಯಲೊಂದು ಜಾಗ ಬೇಕೆಂದು 1980ರ ದಶಕದಲ್ಲಿ ಅದನ್ನು ಉದ್ದ ಮಾಡಿಸಿದರು. ಒಂದೇ ಒಂದು ಶಟಲ್ಲೂ ಅಲ್ಲಿ ಇಳಿಯಲಿಲ್ಲ. ಅಗಲ ದೇಹದ ದೊಡ್ಡ ವಿಮಾನಗಳು ಪ್ರವಾಸಿಗರನ್ನು ತುಂಬಿಕೊಂಡು ಇಳಿಯುತ್ತಿವೆ. ಸರ್ಕಾರಿ ದುಡ್ಡು ಒಮ್ಮೊಮ್ಮೆ ಹೀಗೂ ಸದುಪಯೋಗವಾಗುತ್ತದೆ.

*

ಈಸ್ಟರ್ ದ್ವೀಪದಿಂದ ಇನ್ನೂ ದಕ್ಷಿಣಕ್ಕೆ ಪಾಯಿಂಟ್ ನೀಮೋ ಎಂಬ ಬಿಂದು ಇದೆ. ಯಾವ ದಿಕ್ಕಿಗೆ ಹೋದರೂ ನೆಲ ಸಿಗಲು ಕನಿಷ್ಠ 2,688 ಕಿ.ಮೀ. ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಅದರ ಮೇಲೆ ಹಾದುಹೋಗುವಾಗ ಸುಮಾರು 400 ಕಿ.ಮೀ. ಎತ್ತರದಲ್ಲಿರುತ್ತದೆ. ಆ ಗಳಿಗೆಯಲ್ಲಿ ಅಲ್ಲಿಗೆ ಅತಿ ಹತ್ತಿರದ ಮನುಷ್ಯರು ಗಗನಯಾತ್ರಿಗಳೇ.

*

ಈಗ ಗಾಳಿಯ ಕಥೆಗಳಲ್ಲೇ ದೊಡ್ಡದು. ನೆಪೋಲಿಯನ್‌ನನ್ನು ಇಟ್ಟಿದ್ದ ಸೇಂಟ್ ಹೆಲೆನಾ ದ್ವೀಪ ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರ. ಅವನು 1821ರಲ್ಲಿ ಅಲ್ಲೇ ಸತ್ತ. ಆಮೇಲೆ ಎರಡು ಶತಮಾನದ ಹತ್ತಿರ ಹತ್ತಿರ ಅಲ್ಲಿಗೆ ಹಡಗೊಂದೇ ದಾರಿ. ಕೊನೆಯ ದಿನಗಳಲ್ಲಿ ಆರ್‌ಎಂಎಸ್ ಸೇಂಟ್ ಹೆಲೆನಾ ಎಂಬ ಹಡಗು ಕೇಪ್‌ಟೌನ್‌ನಿಂದ ಐದಾರು ದಿನ ಹಿಡಿಯುತ್ತಿತ್ತು. ಒಬ್ಬರಿಗೆ ಹಲ್ಲುನೋವು ಜೋರಾದರೆ ಮುಂದಿನ ಹಡಗಿನ ದಾರಿ ನೋಡಬೇಕು!

ಬ್ರಿಟನ್ ಸರ್ಕಾರ 285 ಮಿಲಿಯನ್ ಪೌಂಡ್ ಸುರಿದು ಕಣಿವೆ ತುಂಬಿಸಿ ವಿಮಾನ ನಿಲ್ದಾಣ ಕಟ್ಟಿತು. 2016ರಲ್ಲಿ ಉದ್ಘಾಟನೆಗೆ ಸಿದ್ಧ. ಪ್ರಾಯೋಗಿಕವಾಗಿ ದೊಡ್ಡ ವಿಮಾನ ಇಳಿಸಿದಾಗ ಗೊತ್ತಾಯಿತು: ಬಂಡೆಗಳಿಗೆ ಬಡಿದ ಗಾಳಿ ರನ್‌ವೇಯ ಒಂದು ತುದಿಯಲ್ಲಿ ಥಟ್ಟನೆ ದಿಕ್ಕು, ವೇಗ ಎರಡನ್ನೂ ಬದಲಿಸುತ್ತದೆ. ಉದ್ಘಾಟನೆ ಮುಂದೆ ಹೋಯಿತು. ಬ್ರಿಟಿಷ್ ಪತ್ರಿಕೆಗಳು ಅದಕ್ಕೆ ಜಗತ್ತಿನ ಅತಿ ನಿರುಪಯೋಗಿ ವಿಮಾನ ನಿಲ್ದಾಣ ಎಂದು ಹೆಸರಿಟ್ಟವು. 1836ರಲ್ಲೇ ಈ ದ್ವೀಪಕ್ಕೆ ಬಂದಿದ್ದ ಚಾರ್ಲ್ಸ್ ಡಾರ್ವಿನ್, ಇಲ್ಲಿನ ಗಾಳಿಯ ರಭಸದ ಬಗ್ಗೆ ತನ್ನ ಪ್ರವಾಸ ಕಥನದಲ್ಲಿ ಬರೆದಿಟ್ಟಿದ್ದ. ಎಂಜಿನಿಯರರು ಅದನ್ನು ಓದಿದ್ದರೋ ಇಲ್ಲವೋ!

2017ರ ಅಕ್ಟೋಬರ್ 14ರಂದು ಕೊನೆಗೂ ಜೊಹಾನ್ಸ್‌ಬರ್ಗ್‌ನಿಂದ ಏರ್‌ಲಿಂಕ್‌ನ ಎಂಬ್ರಾಯರ್ ವಿಮಾನ ಪ್ರಯಾಣಿಕರೊಡನೆ ಇಳಿಯಿತು. ಹತ್ತಿರಹತ್ತಿರ ನೂರು ಸೀಟಿನ ವಿಮಾನ, ಆದರೆ ಕೂರಿಸಿಕೊಳ್ಳುವುದು 76 ಜನರನ್ನು ಮಾತ್ರ ಎಂದು ಶುರುವಿನಲ್ಲಿ ಮಿತಿ ಹಾಕಿದ್ದರು. ತೂಕ ಕಡಿಮೆ ಇರಲಿ ಎಂದು. ದ್ವೀಪದ ಕಡೆ ಹಾರುವ ಮುನ್ನ ಆಫ್ರಿಕಾದ ಕರಾವಳಿ ದೇಶ ನಮೀಬಿಯಾದಲ್ಲಿ ಇಳಿದು ಟ್ಯಾಂಕು ತುಂಬಿಸಿಕೊಳ್ಳುತ್ತದೆ, ಗಾಳಿ ಇಳಿಯಲು ಬಿಡದಿದ್ದರೆ ಅಷ್ಟೂ ಸಮುದ್ರ ದಾಟಿ ವಾಪಸು ಬರಬೇಕಲ್ಲ! ಹೀಗೆ ನಿಂತು ಹೊರಟು ಸುಮಾರು ಆರು ಗಂಟೆ. ಐದಾರು ದಿನದ ಹಾದಿ ಆರು ಗಂಟೆಗೆ ಇಳಿಯಿತು; 2018ರಲ್ಲಿ ಹಡಗು ನಿವೃತ್ತಿಯಾಯಿತು.

ದ್ವೀಪದ ಗವರ್ನರ್ ಬಂಗಲೆಯ ಅಂಗಳದಲ್ಲಿ ಜೊನಾಥನ್ ಎಂಬ ಆಮೆ 1882ರಿಂದ ಇದೆ. ಬರುವಾಗಲೇ ದೊಡ್ಡದಾಗಿತ್ತಂತೆ. ವಿಮಾನವೆಂಬುದೇ ಹುಟ್ಟದ ಕಾಲದಲ್ಲಿ ಬಂದ ಆಮೆ ತನ್ನೂರಿಗೆ ವಿಮಾನ ಇಳಿಯುವುದನ್ನೂ ಕಂಡಿತು.

*

35 ನಿಮಿಷ ಹಾರಿ ನಿನ್ನೆಗೆ ಹೋಗಬಹುದು! ಸಮೋವಾ ಮತ್ತು ಅಮೆರಿಕನ್ ಸಮೋವಾ ಅಕ್ಕಪಕ್ಕದ ದ್ವೀಪಗಳು. ವಿಮಾನ ನಿಲ್ದಾಣಗಳ ನಡುವೆ ಸುಮಾರು 150 ಕಿ.ಮೀ. ಜನರ ಭಾಷೆ ಒಂದೇ, ನೆಂಟಸ್ತನವೂ ಒಂದೇ. ತಾರೀಕು ಮಾತ್ರ ಬೇರೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜತೆ ವ್ಯಾಪಾರಕ್ಕೆ ಅನುಕೂಲವಾಗಲೆಂದು ಸಮೋವಾ 2011ರ ಡಿಸೆಂಬರ್ 30ನ್ನು ಕ್ಯಾಲೆಂಡರಿನಿಂದಲೇ ಕಿತ್ತುಹಾಕಿತು. ಗುರುವಾರ ಮಲಗಿದವರು ಶನಿವಾರ ಎದ್ದರು. ಶುಕ್ರವಾರ ಹುಟ್ಟುಹಬ್ಬ ಇದ್ದವರ ಗತಿ ಏನಾಯಿತೋ! ಅಂದಿನಿಂದ ಎರಡು ಸಮೋವಾಗಳ ನಡುವೆ ಒಂದು ಇಡೀ ದಿನದ ಅಂತರ. ಸಮೋವಾದಲ್ಲಿ ಭಾನುವಾರ ಚರ್ಚಿಗೆ ಹೋಗಿ, ವಿಮಾನ ಹತ್ತಿ, ಅಮೆರಿಕನ್ ಸಮೋವಾದಲ್ಲಿ ಶನಿವಾರದ ಸಂತೆಗೆ ಇಳಿಯಬಹುದು.

*

ಇದಕ್ಕಿಂತ ಚೋದ್ಯದ್ದು ಯುನೈಟೆಡ್ ಏರ್‌ಲೈನ್ಸ್‌ನ 'ಐಲೆಂಡ್ ಹಾಪರ್'. ಪೆಸಿಫಿಕ್ ದ್ವೀಪ ಗುವಾಮ್‌ನಿಂದ ಹವಾಯಿಯ ಹೊನೊಲುಲುಗೆ ನೇರ ಹೋದರೆ ಏಳೆಂಟು ಗಂಟೆ ಸಾಕು. ಹಾಪರ್ ಹಾಗಲ್ಲ, ನಮ್ಮ ಶಟಲ್ ಬಸ್ಸಿನ ಹಾಗೆ ಚೂಕ್, ಪೋನ್ಪೇ, ಕೊಸ್ರೇ, ಕ್ವಾಜಲೀನ್, ಮಜುರೊ ಎಂದು ಐದು ಕಡೆ ನಿಲ್ಲುತ್ತಾ ಹದಿನೈದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಕ್ವಾಜಲೀನ್ ಅಮೆರಿಕ ಸೇನೆಯ ನೆಲೆ; ಅಲ್ಲಿಗೆ ಸಂಬಂಧಪಡದವರು ಸೀಟು ಬಿಟ್ಟು ಇಳಿಯುವಂತಿಲ್ಲ. ದಾರಿಯಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಸಿಗುವುದಿಲ್ಲವಾದ್ದರಿಂದ ಮೆಕ್ಯಾನಿಕ್ ಒಬ್ಬರು ವಿಮಾನದಲ್ಲೇ ಇರುತ್ತಾರೆ. ಕ್ಲೀನರ್ ಇಲ್ಲದೆ ಲಾರಿ ಹೊರಡದ ಕಾಲ ನಮ್ಮಲ್ಲೂ ಇತ್ತಲ್ಲ, ಹಾಗೆ.

ಗುವಾಮ್ ಗಡಿಯಾರ ಹೊನೊಲುಲು ಗಡಿಯಾರಕ್ಕಿಂತ 20 ಗಂಟೆ ಮುಂದೆ. ಹೀಗಾಗಿ ಗುವಾಮ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಹತ್ತಿದವರು ಹದಿನೈದು ಗಂಟೆ ಹಾರಿ ಹೊನೊಲುಲುವಿನಲ್ಲಿ ಅದೇ ತಾರೀಕಿನ ನಸುಕಿನ ಮೂರಕ್ಕೆ ಇಳಿಯುತ್ತಾರೆ, ಹೊರಟ ಹೊತ್ತಿಗಿಂತ ಐದು ಗಂಟೆ ಮೊದಲೇ!

*

ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ವಿಮಾನದ ವೇಳಾಪಟ್ಟಿ ಬರೆಯುವವನು ಚಂದ್ರ. ಕಡಲತೀರದ ಮರಳೇ ಅಲ್ಲಿ ರನ್‌ವೇ. ಮರದ ಕಂಬಗಳು ಅದರ ಗುರುತು. ಉಬ್ಬರ ಬಂದಾಗ ರನ್‌ವೇ ನೀರಿನಡಿ, ಇಳಿತವಾದಾಗ ಗ್ಲಾಸ್ಗೋ ವಿಮಾನ ಮರಳಿನ ಮೇಲೆ. ಪ್ರಯಾಣ ಒಂದು ಗಂಟೆ ಚಿಲ್ಲರೆ.

*

ಕೆರಿಬಿಯನ್‌ನ ಸಾಬಾ ದ್ವೀಪದ ರನ್‌ವೇ 400 ಮೀಟರು. ಎರಡೂ ತುದಿಯಲ್ಲಿ ಕಡಿದಾದ ಬಂಡೆ, ಕೆಳಗೆ ಸಮುದ್ರ. ಸೇಂಟ್ ಮಾರ್ಟಿನ್‌ನಿಂದ ಹದಿನೈದೇ ನಿಮಿಷ. ಆ ಹದಿನೈದು ನಿಮಿಷದಲ್ಲಿ ನೆನಪಾಗದ ದೇವರಿಲ್ಲ ಅಂತ ನನ್ನ ಅಂದಾಜು.

*

ಎವರೆಸ್ಟ್ ಹಾದಿಯ ಲುಕ್ಲಾದ ರನ್‌ವೇ 527 ಮೀಟರು, ಅದೂ ಇಳಿಜಾರು: ನೂರು ಮೀಟರಿಗೆ ಸುಮಾರು 12 ಮೀಟರು. ಇಳಿಯುವ ವಿಮಾನ ಏರು ಹತ್ತುತ್ತಾ ನಿಲ್ಲುತ್ತದೆ, ಏರುವ ವಿಮಾನ ಇಳಿಜಾರಿನಲ್ಲಿ ಓಡಿ ಕಣಿವೆಗೆ ಜಿಗಿಯುತ್ತದೆ. 1964ರಲ್ಲಿ ಎಡ್ಮಂಡ್ ಹಿಲರಿ ಇದನ್ನು ಮಾಡಿಸುವಾಗ ಮಣ್ಣು ಗಟ್ಟಿಯಾಗಲೆಂದು ಶೆರ್ಪಾಗಳನ್ನು ಕರೆಸಿ ಅದರ ಮೇಲೆ ಕುಣಿಸಿದ್ದರು. ರೋಡ್ ರೋಲರ್ ಇಲ್ಲದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ಯಾವುದು? ಕಠ್ಮಂಡುವಿನಿಂದ ಹಾರಾಟ ಅರ್ಧ ಗಂಟೆ. ಆದರೆ ಚಾರಣದ ಋತುವಿನಲ್ಲಿ ಕಠ್ಮಂಡು ನಿಲ್ದಾಣದಲ್ಲಿ ದಟ್ಟಣೆ. ವಿಮಾನಗಳನ್ನು ರಾಮೆಛಾಪ್‌ಗೆ ಕಳಿಸುತ್ತಾರೆ. ಅಲ್ಲಿಂದ ಹಾರಾಟ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಆ ಇಪ್ಪತ್ತು ನಿಮಿಷಕ್ಕಾಗಿ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ಘಾಟಿ ರಸ್ತೆಯಲ್ಲಿ ಕುಲುಕಾಡಬೇಕು. ಇದು ಉಳಿತಾಯವೋ ನಷ್ಟವೋ, ಲೆಕ್ಕ ನಿಮಗೇ ಬಿಟ್ಟದ್ದು.

*

ಚೀನಾದ ದಾವೊಚೆಂಗ್ ಯಾಡಿಂಗ್ ನಿಲ್ದಾಣ ಸಮುದ್ರಮಟ್ಟದಿಂದ 4,411 ಮೀಟರು ಎತ್ತರದಲ್ಲಿದೆ. ನಾಗರಿಕ ವಿಮಾನ ನಿಲ್ದಾಣಗಳಲ್ಲಿ ಇದೇ ಎತ್ತರದ್ದು. ಒಂದು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಇದರ ರನ್‌ವೇ ಮುಟ್ಟುವುದಿಲ್ಲ. ಚೆಂಗ್ಡುವಿನಿಂದ ಬಸ್ಸಿನಲ್ಲಿ ಎರಡು ದಿನ, ವಿಮಾನದಲ್ಲಿ ಒಂದು ಗಂಟೆ ಚಿಲ್ಲರೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಸಾಲದು, ಹೆಚ್ಚು ಓಡಿ ವೇಗ ಪಡೆಯಬೇಕು, ಅದಕ್ಕೇ 4.2 ಕಿ.ಮೀ. ರನ್‌ವೇ. ನಮ್ಮ ಲೇಹ್ ನಿಲ್ದಾಣ 3,256 ಮೀಟರಿನಲ್ಲಿದೆ. ಅಲ್ಲಿಗೆ ವಿಮಾನಗಳು ಹೆಚ್ಚಾಗಿ ಬೆಳಿಗ್ಗೆಯೇ ಬಂದು ಹೋಗುವುದೇಕೆಂದರೆ ಬಿಸಿಲೇರಿದಂತೆ ಬೆಟ್ಟದ ಗಾಳಿ ಜೋರಾಗುತ್ತದೆ.

*

ದಕ್ಷಿಣ ಧ್ರುವದಿಂದ ಹೊರಡುವ ಎಲ್ಲ ವಿಮಾನಗಳೂ ಉತ್ತರಕ್ಕೇ ಹೋಗುತ್ತವೆ! ಬೇರೆ ದಿಕ್ಕೇ ಅಲ್ಲಿಲ್ಲ. ಅಂಟಾರ್ಕ್ಟಿಕದ ಅಂಚಿನ ಮೆಕ್‌ಮರ್ಡೊ ನೆಲೆಯಿಂದ ಧ್ರುವದ ನೆಲೆಗೆ ಸುಮಾರು 1,350 ಕಿ.ಮೀ.; ಗಾಲಿಗಳ ಜತೆ ಹಿಮಹಾವುಗೆಗಳನ್ನೂ ಕಟ್ಟಿಕೊಂಡ ಹರ್ಕ್ಯುಲಿಸ್ ವಿಮಾನಕ್ಕೆ ಮೂರು ಗಂಟೆ. ಧ್ರುವದಲ್ಲಿ ಎಲ್ಲ ರೇಖಾಂಶಗಳೂ ಕೂಡುವುದರಿಂದ ಯಾವ ದೇಶದ ಸಮಯ ಇಟ್ಟುಕೊಂಡರೂ ನಡೆದೀತು. ಅವರು ಇಟ್ಟುಕೊಂಡಿರುವುದು ನ್ಯೂಜಿಲೆಂಡ್ ಸಮಯ, ಏಕೆಂದರೆ ಅನ್ನ-ನೀರು ಬರುವುದು ಆ ದಾರಿಯಿಂದ.

ಚಳಿಗಾಲದಲ್ಲಿ ತಿಂಗಳುಗಟ್ಟಲೆ ಯಾವ ವಿಮಾನವೂ ಇಲ್ಲ. 2001ರ ಏಪ್ರಿಲ್‌ನಲ್ಲಿ ಅಲ್ಲಿನ ವೈದ್ಯರೇ ಕಾಯಿಲೆ ಬಿದ್ದರು. ದೊಡ್ಡ ಹರ್ಕ್ಯುಲಿಸ್‌ಗಳು ಆ ಚಳಿಗೆ ತಡೆಯುವಂತಿರಲಿಲ್ಲ. ಕೆನಡಾದಿಂದ ಪುಟ್ಟ ಟ್ವಿನ್ ಆಟರ್ ಹೊರಟಿತು; ಎರಡೂ ಅಮೆರಿಕ ಖಂಡಗಳನ್ನು ಉದ್ದಕ್ಕೂ ದಾಟಿ, ಅಂಟಾರ್ಕ್ಟಿಕದ ರೊಥೆರಾ ನೆಲೆಯಿಂದ ಕತ್ತಲಲ್ಲಿ ಸುಮಾರು 2,500 ಕಿ.ಮೀ. ದೂರವನ್ನು ಹತ್ತು ಗಂಟೆ ಹಾರಿ ಧ್ರುವದಲ್ಲಿ ಇಳಿದು ವೈದ್ಯರನ್ನು ಹೊತ್ತು ತಂದಿತು. ಆ ಹೊತ್ತಿಗೆ ಅಲ್ಲಿ ಮೈನಸ್ 60 ಡಿಗ್ರಿಗೂ ಕೆಳಗಿನ ಚಳಿ.

*

ಅಂಟಾರ್ಕ್ಟಿಕದಲ್ಲಿರುವ ನಮ್ಮ 'ಮೈತ್ರಿ' ನೆಲೆಗೆ ಹೋಗುವ ವಿಜ್ಞಾನಿಗಳು ಕೇಪ್‌ಟೌನ್‌ನಿಂದ ನೋವೊ ಎಂಬ ಮಂಜುಗಡ್ಡೆಯ ರನ್‌ವೇಗೆ ಹಾರುತ್ತಾರೆ. ಸುಮಾರು 4,100 ಕಿ.ಮೀ., ಇಲ್ಯುಶಿನ್ ವಿಮಾನದಲ್ಲಿ ಐದಾರು ಗಂಟೆ. ಹತ್ತುವಾಗ ಬೇಸಿಗೆಯ ಅಂಗಿ, ಇಳಿಯುವಾಗ ಧ್ರುವದ ದಿರಿಸು. ಬಟ್ಟೆ ಬದಲಾಯಿಸುವುದು ಆಕಾಶದಲ್ಲೇ.

ಇನ್ನೊಂದು ಧ್ರುವದ ಕಡೆ, ನಾರ್ವೆಯ ದ್ವೀಪಸಮೂಹ ಸ್ವಾಲ್‌ಬಾರ್ಡ್‌ನ ನಿ-ಓಲೆಸುಂದ್ ಎಂಬ ಊರಿನಲ್ಲಿ 2008ರಿಂದ ನಮ್ಮ 'ಹಿಮಾದ್ರಿ' ನೆಲೆ ಇದೆ. ಅದೇ ದ್ವೀಪಗಳ ಲಾಂಗ್‌ಯಿಯರ್‌ಬ್ಯೆನ್‌ನಿಂದ ಅಲ್ಲಿಗೆ ಅರ್ಧ ಗಂಟೆ ಹಾರುವ ಪುಟ್ಟ ವಿಮಾನ ಡಾರ್ನಿಯರ್ 228. ಇದೇ ಮಾದರಿಯನ್ನು ಎಚ್‌ಎಎಲ್ ಕಾನ್ಪುರದಲ್ಲಿ ತಯಾರಿಸುತ್ತದೆ. 2022ರಿಂದ ಆ ವಿಮಾನ ಅಸ್ಸಾಮಿನ ದಿಬ್ರುಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಪ್ರಯಾಣಿಕರನ್ನು ಒಯ್ಯತೊಡಗಿತು.

*

ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ ನೋಡಿದವರಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ಪಾಲಾದ ಮೇಲೆ ಆಸ್ಟ್ರೇಲಿಯಾಕ್ಕೂ ಬ್ರಿಟನ್‌ಗೂ ವಿಮಾನದ ಕೊಂಡಿ ಕಡಿಯಿತು. 1943ರಲ್ಲಿ ಕ್ವಾಂಟಾಸ್ ಕಂಪನಿ ಪರ್ತ್‌ನಿಂದ ಸಿಲೋನಿನ ಗಾಲ್ ಬಳಿಯ ಕೊಗ್ಗಲ ಸರೋವರಕ್ಕೆ ಕ್ಯಾಟಲಿನಾ ಹಾರಿಸತೊಡಗಿತು. ಸುಮಾರು 5,600 ಕಿ.ಮೀ. ಹಿಂದೂ ಮಹಾಸಾಗರ, ರೇಡಿಯೊ ಬಾಯಿ ಬಿಡುವಂತಿಲ್ಲ, ದಾರಿ ತೋರಿಸಲು ನಕ್ಷತ್ರಗಳೇ. ಹೊತ್ತೊಯ್ಯುವ ಇಂಧನ ಎಷ್ಟಿತ್ತೆಂದರೆ ಪ್ರಯಾಣಿಕರಿಗೆ ಮೂರೇ ಸೀಟು. ಅತಿ ದೀರ್ಘ ಹಾರಾಟ 32 ಗಂಟೆ 9 ನಿಮಿಷ. ಯುದ್ಧ ಮುಗಿಯುವವರೆಗೆ 271 ಸಲ ಸಾಗರ ದಾಟಿದರು. ಹಾರಿದವರಿಗೆಲ್ಲ ಎರಡು ಸೂರ್ಯೋದಯದ ಗುಪ್ತ ಸಂಘದ ಸದಸ್ಯರೆಂದು ಒಂದು ಪತ್ರ ಕೊಡುತ್ತಿದ್ದರು.

*

ಮನೆಯ ಹತ್ತಿರಕ್ಕೆ ಬರೋಣ. ಲಕ್ಷದ್ವೀಪದ ಅಗತ್ತಿಯ ರನ್‌ವೇ 1.2 ಕಿ.ಮೀ., ಎರಡೂ ಪಕ್ಕದಲ್ಲಿ ಸಮುದ್ರ. ಮೇಲಿನಿಂದ ನೋಡಿದರೆ ನೀರಿನ ಮೇಲೆ ಬಿದ್ದ ಸೌಟಿನ ಹಿಡಿಯಂತೆ ಕಾಣುತ್ತದೆ. ಕೊಚ್ಚಿಯಿಂದ ಸುಮಾರು 460 ಕಿ.ಮೀ.; ಎಟಿಆರ್ ವಿಮಾನಕ್ಕೆ ಒಂದೂವರೆ ಗಂಟೆ, ಹಡಗಿಗೆ 14ರಿಂದ 20 ಗಂಟೆ. 2024ರ ಮಾರ್ಚ್ 31ರಂದು ಇಂಡಿಗೊ ಬೆಂಗಳೂರಿನಿಂದಲೂ ನೇರ ವಿಮಾನ ಶುರು ಮಾಡಿತು, ಸುಮಾರು 650 ಕಿ.ಮೀ.

ದಾರ ಎಳೆದು ನೋಡಿದರೆ ಮಂಗಳೂರಿನಿಂದ ಅಗತ್ತಿಗೆ ಬರೀ 380 ಕಿ.ಮೀ. ಮಂಗಳೂರಿನ ಹಳೇ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ತುಂಬಿಕೊಂಡ ಮಂಜಿ ಎಂಬ ಸರಕು ದೋಣಿಗಳು ದ್ವೀಪಗಳಿಗೆ ಹೋಗುವ ದಾರಿ ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳಂತೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಕಲೆಕ್ಟರರ ಕಾಗದಕ್ಕೆ ಅಲ್ಲಿ ಬೆಲೆಯಿತ್ತು.

*

ಕೊನೆಗೆ, ಈ ಅಂಕಣದ ಲೆಕ್ಕಕ್ಕೇ ಸಿಗದ ಒಂದು ಊರು. ಅಟ್ಲಾಂಟಿಕ್‌ನ ದಕ್ಷಿಣದಲ್ಲಿರುವ ಟ್ರಿಸ್ಟನ್ ಡ ಕುನ್ಯಾ ದ್ವೀಪದಲ್ಲಿ ಇನ್ನೂರೈವತ್ತು ಜನವೂ ಇಲ್ಲ. ಸೇಂಟ್ ಹೆಲೆನಾಗೆ 2,400 ಕಿ.ಮೀ., ಕೇಪ್‌ಟೌನ್‌ಗೆ 2,800. ವಿಮಾನದ ಸಮಯ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ, ವಿಮಾನ ನಿಲ್ದಾಣವೇ ಇಲ್ಲವಲ್ಲ! ಕೇಪ್‌ಟೌನ್‌ನಿಂದ ಹಡಗು ಹಿಡಿದರೆ ಒಂದು ವಾರ, ವರ್ಷಕ್ಕೆ ಹೋಗುವುದು ಬೆರಳೆಣಿಕೆಯಷ್ಟು ಸಲ. ಟಿಕೆಟ್ ಕೊಳ್ಳುವ ಮೊದಲು ದ್ವೀಪದ ಆಡಳಿತ ಮಂಡಳಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು.